ಸ್ಕಾಟ್ಲೆಂಡಿನ ತಣ್ಣೀರಿಗೆ ಡ್ರೈ ಸೂಟ್: ಊರಿನಿಂದಲೇ ಕೊಂಡುಹೋಗಬೇಕೆ?

ಪ್ರಶ್ನೆ: ನಾನು ಕುಂಬಳೆಯವಳು. ಬರುವ ಸೆಪ್ಟೆಂಬರಿನಲ್ಲಿ ಎರಡು ವರ್ಷದ ಓದಿಗೆ ಗ್ಲಾಸ್ಗೋಗೆ ಹೊರಟಿದ್ದೇನೆ. ನೇತ್ರಾಣಿಯಲ್ಲಿ ಡೈವಿಂಗಿನ ಓಪನ್ ವಾಟರ್, ಅಂಡಮಾನಿನಲ್ಲಿ ಅಡ್ವಾನ್ಸ್ಡ್ ಕೋರ್ಸ್ ಮುಗಿಸಿದ್ದೇನೆ. ಅಲ್ಲಿಗೆ ಹೋದ ಮೇಲೂ ಡೈವಿಂಗ್ ಬಿಡುವ ಮನಸ್ಸಿಲ್ಲ. ಸ್ಕಾಟ್ಲೆಂಡಿನ ಉತ್ತರದ ಆರ್ಕ್ನಿ ದ್ವೀಪಗಳ ನಡುವಿನ ಸ್ಕಾಪಾ ಫ್ಲೋದಲ್ಲಿ ಮುಳುಗಿರುವ ಹಡಗುಗಳನ್ನು ನೋಡುವ ಆಸೆಯೂ ಇದೆ. ದುಬೈಯಲ್ಲಿರುವ ಭಾವ ಒಂದು ಸೆಕೆಂಡ್ ಹ್ಯಾಂಡ್ ಡ್ರೈ ಸೂಟ್ ನೋಡಿಟ್ಟಿದ್ದಾರೆ, ನೀರು ಒಳಬಿಡದ ಡೈವಿಂಗ್ ಉಡುಪು ಅದು, ಟ್ರೈಲ್ಯಾಮಿನೇಟ್ ಎಂಬ ಮೂರು ಪದರದ ಬಟ್ಟೆಯದು, ಹೊಸದರ ಕಾಲು ಭಾಗ ಬೆಲೆಗೆ ಸಿಗುತ್ತದಂತೆ. ಹಡಗಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಮಾವನ ಬಳಿ ಕಿತ್ತಳೆ ಬಣ್ಣದ ಇಮ್ಮರ್ಶನ್ ಸೂಟ್ ಇದೆ. "ಸೊನ್ನೆ ಡಿಗ್ರಿ ನೀರಿನಲ್ಲೂ ಜೀವ ಉಳಿಸುವ ಸೂಟ್ ಇದು, ಇದಕ್ಕಿಂತ ಬೇರೆ ಯಾಕೆ?" ಎನ್ನುತ್ತಾರೆ. ನಿಯೋಪ್ರೀನ್ (ಗಾಳಿಗುಳ್ಳೆಗಳಿರುವ ರಬ್ಬರ್) ಬೆಚ್ಚಗೆ, ಟ್ರೈಲ್ಯಾಮಿನೇಟ್ ತಣ್ಣಗೆ ಎಂಬುದು ನಿಜವೇ? ಸೂಟಿನೊಳಗಿನ ಗಾಳಿ ಕಾಲಿಗೆ ಏರಿ ತಲೆಕೆಳಗಾಗಿ ಮೇಲಕ್ಕೆ ಚಿಮ್ಮುತ್ತಾರಂತೆ, ಅದನ್ನು ಕೇಳಿದಾಗಿನಿಂದ ಭಯ. ಮಡಿಕೇರಿಯ ಚಳಿಗೇ ನನ್ನ ಬೆರಳ ತುದಿಗಳು ಬಿಳಿಚಿಕೊಳ್ಳುತ್ತವೆ. ಇಲ್ಲೇ ಯಾವುದಾದರೂ ಈಜುಕೊಳದಲ್ಲಿ ಅಭ್ಯಾಸ ಮಾಡಿಕೊಂಡು ಹೋಗಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆ ಹಲವು, ಆದರೆ ಒಳಗಿನ ಚಿಂತೆ ಒಂದೇ: ಅಲ್ಲಿ ಇಳಿದ ಮೇಲೆ ದುಡ್ಡು ಸುರಿಯುವ ಬದಲು ಇಲ್ಲಿಂದಲೇ ಸೋವಿಯಲ್ಲಿ ಒಂದು ಸೂಟ್ ಹೊಂದಿಸಿಕೊಂಡು ಹೋಗಬಹುದೇ? ಬೇಡ. ಡ್ರೈ ಸೂಟ್ ಕೊಳ್ಳಲು ಜಗತ್ತಿನಲ್ಲಿ ಅತಿ ಕೆಟ್ಟ ಜಾಗಗಳ ಪಟ್ಟಿ ಮಾಡಿದರೆ ನಮ್ಮ ಕಾಸರಗೋಡು, ನಿಮ್ಮ ಭಾವನ ದುಬೈ ಎರಡೂ ಮೇಲಿನ ಸಾಲಿನಲ್ಲೇ ಬರುತ್ತವೆ. ತಣ್ಣೀರಿನ ಡೈವಿಂಗ್ ಕಲಿಸುತ್ತ, ಸೋರುವ ಸೂಟುಗಳನ್ನು ರಿಪೇರಿ ಮಾಡುತ್ತ ಹೊಟ್ಟೆ ಹೊರೆದವನು ನಾನು. ಬೆಂಚಿನ ಮೇಲೆ ಬಂದು ಬಿದ್ದ ಸೂಟುಗಳಲ್ಲಿ ನೀರಿನಿಂದ ಹಾಳಾದವು ಕಡಿಮೆ. ಬಿಸಿಲು, ಎಣ್ಣೆ, ತಪ್ಪು ಅಳತೆ, ಈ ಮೂರರಿಂದ ಹಾಳಾದವೇ ಹೆಚ್ಚು.

ಮಾವನ ಸೂಟಿನ ವಿಷಯ ಮೊದಲು, ಯಾಕೆಂದರೆ ಅದು ಜೀವದ ಪ್ರಶ್ನೆ. ಮಾವ ಸುಳ್ಳು ಹೇಳುತ್ತಿಲ್ಲ. ಹಡಗಿನ ಇನ್ಸುಲೇಟೆಡ್ ಇಮ್ಮರ್ಶನ್ ಸೂಟಿಗೆ ಇರುವ ಅಂತರರಾಷ್ಟ್ರೀಯ ನಿಯಮ ಸಾಕಷ್ಟು ಕಠಿಣ: ಸೊನ್ನೆಯಿಂದ ಎರಡು ಡಿಗ್ರಿ ನೀರಿನಲ್ಲಿ 6 ಗಂಟೆ ಬಿದ್ದಿದ್ದರೂ ಧರಿಸಿದವರ ದೇಹದ ಒಳಗಿನ ಉಷ್ಣತೆ 2 ಡಿಗ್ರಿಗಿಂತ ಹೆಚ್ಚು ಇಳಿಯಬಾರದು. ಬೇಕಲ, ಪಾಲಕುನ್ನು, ಉದುಮ ಕಡೆಯ ಹಡಗಿನ ಕೆಲಸದವರು ಇದನ್ನು ತೊಟ್ಟು ಡ್ರಿಲ್ ಮಾಡಿಯೇ ಇರುತ್ತಾರೆ. ಆದರೆ ಆ ಸೂಟ್ ಹುಟ್ಟಿದ್ದೇ ತೇಲುವುದಕ್ಕೆ. ಮುಖ ಮೇಲೆ ಮಾಡಿಕೊಂಡು ಹೆಲಿಕಾಪ್ಟರಿಗೆ ಕಾಯುವುದು ಅದರ ಕೆಲಸ. ಅದರಲ್ಲಿ ಗಾಳಿ ತುಂಬುವ ವಾಲ್ವ್ ಇಲ್ಲ, ಬೇಕಾದಾಗ ಬೇಕಾದಷ್ಟು ಗಾಳಿ ಬಿಡುವ ವಾಲ್ವೂ ಇಲ್ಲ. ಸೀಸ ಕಟ್ಟಿಕೊಂಡು ಬಲವಂತವಾಗಿ ಇಳಿದಿರಿ ಎನ್ನಿ, ಒಳಗೆ 10 ಲೀಟರ್ ಗಾಳಿ ಇದ್ದದ್ದು 10 ಮೀಟರ್ ಆಳದಲ್ಲಿ 5 ಲೀಟರಾಗುತ್ತದೆ, 30 ಮೀಟರಿನಲ್ಲಿ ಎರಡೂವರೆ. ಸೂಟ್ ಮೈಗೆ ಅಂಟಿ ಮಡಿಕೆಗಳು ಚರ್ಮವನ್ನು ಚಿವುಟಿ ಹಿಡಿಯುತ್ತವೆ. ಮೇಲೆ ಬರುವಾಗ ಅದೇ ಗಾಳಿ ಹಿಗ್ಗುತ್ತದೆ, ಹೊರಗೆ ಬಿಡಲು ದಾರಿ ಇಲ್ಲ. ಮಾವನಿಗೆ ನನ್ನ ಪರವಾಗಿ ನಮಸ್ಕಾರ ಹೇಳಿ, ಸೂಟನ್ನು ಅಟ್ಟದಲ್ಲೇ ಇಡಲು ಹೇಳಿ.

ಇನ್ನು ಬೆಚ್ಚಗೆ-ತಣ್ಣಗೆ ಎಂಬ ವಾದ. ಇಲ್ಲಿ ಬಹಳ ಜನ ಎಡವುವುದು ಸೂಟ್ ಬೆಚ್ಚಗಿಡುತ್ತದೆ ಎಂದುಕೊಳ್ಳುವುದರಿಂದ. ಟ್ರೈಲ್ಯಾಮಿನೇಟ್ ಅಂದರೆ ಎರಡು ಪದರ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯ ನಡುವೆ ತೆಳ್ಳಗಿನ ಬ್ಯುಟೈಲ್ ರಬ್ಬರ್ ಹಾಳೆ. ಅಷ್ಟೇ. ಗದ್ದೆಗೆ ಹೋಗುವವರು ತಲೆಯ ಮೇಲೆ ಹಾಕುತ್ತಿದ್ದ ಗೊರಬೆಯ ಹಾಗೆ ಅದು: ಮಳೆ ತಡೆಯುತ್ತದೆ, ಚಳಿ ತಡೆಯಬೇಕಾದ್ದು ಒಳಗಿನ ಕಂಬಳಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಸೂಟ್ ಮಾಡುವುದು ನೀರನ್ನು ಹೊರಗಿಟ್ಟು ನಿಮ್ಮ ಸುತ್ತ ಒಂದು ಪದರ ಗಾಳಿಯನ್ನು ಕಾಯುವ ಕೆಲಸ. ಆ ಗಾಳಿ ಒಂದೆಡೆ ಸೇರದಂತೆ ಮೈತುಂಬ ಹರಡಿ ಹಿಡಿಯುವುದು ಒಳಉಡುಪು. ಹಾಗಾಗಿ ದುಬಾರಿ ಸೂಟ್ ಕೊಂಡು ಒಳಗೆ ಟೀ ಶರ್ಟ್ ಹಾಕಿದವರು ನಡುಗುತ್ತಾರೆ, ಸಾಧಾರಣ ಸೂಟಿನೊಳಗೆ ಒಳ್ಳೆಯ ಥಿನ್ಸುಲೇಟ್ ಅಥವಾ ದಪ್ಪ ಫ್ಲೀಸ್ ಹಾಕಿದವರು ಆರಾಮವಾಗಿರುತ್ತಾರೆ. ಮೈಗೆ ತಾಗುವ ಪದರ ಮೆರಿನೊ ಉಣ್ಣೆಯದೋ ಬೆವರು ಹೀರಿ ಹೊರದಬ್ಬುವ ಸಿಂಥೆಟಿಕ್ ಬಟ್ಟೆಯದೋ ಇರಲಿ. ಹತ್ತಿ ಬನಿಯನ್ ಬೇಡವೇ ಬೇಡ. ಡ್ರೈ ಸೂಟ್ ಎಂದಮಾತ್ರಕ್ಕೆ ಒಳಗೆ ಪೂರ್ತಿ ಒಣಗಿರುತ್ತೀರಿ ಎಂದೇನೂ ಇಲ್ಲ. ಬೆವರು ತಣ್ಣನೆಯ ಸೂಟಿಗೆ ತಾಗಿ ಹನಿಗಟ್ಟುತ್ತದೆ, ಹತ್ತಿ ಅದನ್ನು ಹೀರಿ ಮೈಗೇ ಒತ್ತಿ ಹಿಡಿಯುತ್ತದೆ.

ಫೋಮ್ ನಿಯೋಪ್ರೀನ್ ಡ್ರೈ ಸೂಟಿನ ಬಟ್ಟೆಯಲ್ಲೇ ಗಾಳಿಗುಳ್ಳೆಗಳಿರುವುದರಿಂದ ಅದಕ್ಕೆ ತನ್ನದೇ ಬಿಸುಪು ಇದೆ, ನಿಜ. ಮೈಗೆ ಹೊಂದಿಕೊಳ್ಳುತ್ತದೆ, ಈಜಲು ಹಗುರ ಅನಿಸುತ್ತದೆ, ಅಕಸ್ಮಾತ್ ಒಳಗೆ ನೀರು ನುಗ್ಗಿದರೂ ಸ್ವಲ್ಪ ಬೆಚ್ಚಗೆ ಇಡುತ್ತದೆ. ಆದರೆ ಆಳಕ್ಕೆ ಹೋದಂತೆ ಆ ಗುಳ್ಳೆಗಳು ಕುಗ್ಗುತ್ತವೆ, ಬಿಸುಪೂ ತೇಲುವಿಕೆಯೂ ಒಟ್ಟಿಗೇ ಇಳಿಯುತ್ತವೆ. ಎಲ್ಲಿಯೋ ಒಂದು ಸೂಜಿತೂತು ಬಿದ್ದರೆ ಹುಡುಕುವುದು ರಿಪೇರಿಯವನಿಗೆ ತಲೆನೋವು, ನೀರು ಬಟ್ಟೆಯೊಳಗೇ ಓಡಾಡಿ ಬೇರೆಲ್ಲೋ ಕಾಣಿಸುತ್ತದೆ. ಒಣಗಲು ಬಹಳ ಹೊತ್ತು. ಗ್ಲಾಸ್ಗೋದ ಹಾಸ್ಟೆಲ್ ಕೋಣೆಯಲ್ಲಿ, ನಮ್ಮ ಆಟಿ ತಿಂಗಳನ್ನೇ ವರ್ಷಪೂರ್ತಿ ಹಂಚಿಟ್ಟಂಥ ಆ ಹವೆಯಲ್ಲಿ, ಒದ್ದೆ ನಿಯೋಪ್ರೀನ್ ನೇತುಹಾಕಿ ವಾರಗಟ್ಟಲೆ ಅದರ ವಾಸನೆಯಲ್ಲಿ ಓದುವುದು ಏನು ಸುಖ? ನಡುವಿನ ದಾರಿಯೂ ಇದೆ, ಒತ್ತಿ ತೆಳುವಾಗಿಸಿದ ನಿಯೋಪ್ರೀನ್, ಅದರಲ್ಲಿ ಕ್ರಶ್ಡ್, ಕಂಪ್ರೆಸ್ಡ್ ಎಂಬ ಬಗೆಗಳಿವೆ. ಗಟ್ಟಿಮುಟ್ಟು, ತುಸು ಭಾರ, ತುಸು ಬೆಲೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಟ್ರೈಲ್ಯಾಮಿನೇಟ್ ಆರಿಸುತ್ತಿದ್ದೆ. ಬೇಗ ಒಣಗುತ್ತದೆ, ತೇಪೆ ಹಾಕುವುದು ಸುಲಭ, ಮುಖ್ಯವಾಗಿ ಋತು ಬದಲಾದಂತೆ ಒಳಉಡುಪು ಬದಲಾಯಿಸಿ ಒಂದೇ ಸೂಟಿನಲ್ಲಿ ವರ್ಷ ಕಳೆಯಬಹುದು. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಸಮುದ್ರ ಮಾರ್ಚ್ ಹೊತ್ತಿಗೆ 6ರಿಂದ 8 ಡಿಗ್ರಿ, ಬೇಸಿಗೆಯ ಕೊನೆಗೆ 13-14. ನಮ್ಮ ಕಡಲು 28ರ ಆಸುಪಾಸು ಎಂಬುದನ್ನು ನೆನಪಿಟ್ಟುಕೊಂಡು ಈ ಅಂಕಿಗಳನ್ನು ಓದಿ. ನೀವು ಇಳಿಯುವ ಸೆಪ್ಟೆಂಬರ್ ಅಲ್ಲಿನ ನೀರು ವರ್ಷದಲ್ಲೇ ಹೆಚ್ಚು ಬೆಚ್ಚಗಿರುವ ಹೊತ್ತು. ಕಲಿಯಲು ಒಳ್ಳೆಯ ಮುಹೂರ್ತ.

ಭಾವ ನೋಡಿಟ್ಟ ಸೂಟನ್ನು ಯಾಕೆ ಬೇಡ ಅಂದೆ? ಬಟ್ಟೆಯ ಬಗ್ಗೆ ನನ್ನ ತಕರಾರಿಲ್ಲ. ಡ್ರೈ ಸೂಟಿನ ಪ್ರಾಣ ಇರುವುದು ಕುತ್ತಿಗೆ, ಮಣಿಕಟ್ಟುಗಳಲ್ಲಿ ನೀರು ನುಗ್ಗದಂತೆ ಬಿಗಿಯುವ ಸೀಲಿನಲ್ಲಿ ಮತ್ತು ಝಿಪ್ಪಿನಲ್ಲಿ. ಲ್ಯಾಟೆಕ್ಸ್ ಸೀಲ್ ಎಂದರೆ ರಾಜಪುರ, ಪಾಣತ್ತೂರು ಕಡೆಯ ತೋಟಗಳಲ್ಲಿ ಚಿಪ್ಪಿಗಿಳಿಯುವಂಥದೇ ರಬ್ಬರ್ ಹಾಲಿನಿಂದ ಮಾಡಿದ್ದು. ಬಿಸಿಲು, ಸೆಕೆ, ವಿದ್ಯುತ್ ಮೋಟಾರುಗಳ ಹತ್ತಿರ ಹುಟ್ಟುವ ಓಝೋನ್, ಯಾವುದೂ ಅದಕ್ಕೆ ಆಗದು. ಚೆನ್ನಾಗಿ ನೋಡಿಕೊಂಡರೂ ಕೆಲವೇ ವರ್ಷಗಳ ಆಯುಸ್ಸು. ಗಲ್ಫಿನ ಬೇಸಿಗೆಯಲ್ಲಿ ಗ್ಯಾರೇಜಿನಲ್ಲೋ ಕಾರಿನ ಡಿಕ್ಕಿಯಲ್ಲೋ ಕಳೆದ ಸೂಟಿನ ಸೀಲ್ ಫೋಟೋದಲ್ಲಿ ಕಪ್ಪಗೆ ಹೊಳೆಯುತ್ತಿರುತ್ತದೆ. ಎಳೆದರೆ ಅಂಚಿನಲ್ಲಿ ಕೂದಲೆಳೆಯ ಬಿರುಕುಗಳು, ಬೆರಳಿಗೆ ಅಂಟಂಟು. ಸೀಲ್ ಬದಲಾಯಿಸಬಹುದು, ಅದು ಸಹಜ ಖರ್ಚು. ಝಿಪ್ ಹೋಗಿದ್ದರೆ ಮಾತ್ರ ಹಣ ಕೊಟ್ಟು ನಷ್ಟ ತಂದುಕೊಂಡಂತೆ, ಡ್ರೈ ಸೂಟಿನಲ್ಲಿ ಸಾಮಾನ್ಯವಾಗಿ ಅತಿ ದುಬಾರಿ ರಿಪೇರಿ ಅದೇ. ಭಾವ ಅಷ್ಟು ದೂರ ಹೋಗಿ ನೋಡುವುದೇ ಆದರೆ ಝಿಪ್ಪಿನ ಎರಡೂ ತುದಿಗಳನ್ನು ಬೆಳಕಿಗೆ ಹಿಡಿಯಲಿ. ಹಲ್ಲುಗಳ ಹಿಂದಿನ ರಬ್ಬರ್ ಪಟ್ಟಿಯಲ್ಲಿ ಅಡ್ಡ ಸೀಳು ಕಂಡರೆ ಅಲ್ಲಿಗೆ ಮಾತು ಮುಗಿಯಿತು. ಸರಿ ಇದ್ದರೂ ಇನ್ನೊಂದು ತೊಡಕಿದೆ: ಅದು ನಿಮ್ಮ ಅಳತೆಗೆ ಹೊಲಿದದ್ದಲ್ಲ.

ಅಳತೆ ನೋಡುವ ಕ್ರಮ ಹೇಳುತ್ತೇನೆ. ನೀವು ಹಾಕಲಿರುವ ಅತಿ ದಪ್ಪ ಒಳಉಡುಪಿನ ಮೇಲೆಯೇ ಸೂಟ್ ತೊಡಿ. ಕುಕ್ಕರುಗಾಲಲ್ಲಿ ಕೂರಿ, ತೊಡೆಸಂದಿ ಎಳೆಯಬಾರದು. ಎರಡೂ ಕೈ ಮೇಲೆತ್ತಿ ಬೆನ್ನ ಹಿಂದೆ ಸಿಲಿಂಡರಿನ ವಾಲ್ವ್ ಇರುವ ಜಾಗ ಮುಟ್ಟಲು ನೋಡಿ, ಮುಟ್ಟಲಾಗದಿದ್ದರೆ ಸೂಟ್ ಗಿಡ್ಡ. ಪಾದದ ಕಡೆ ಹೆಚ್ಚು ಸಡಿಲ ಇರಬಾರದು, ನಿಮ್ಮ ಭಯದ ಮೂಲ ಅಲ್ಲೇ ಇದೆ, ಅದಕ್ಕೆ ಬರುತ್ತೇನೆ. ಹೆಂಗಸರ ಅಳತೆಗೆಂದೇ ಕತ್ತರಿಸಿದ ಸೂಟುಗಳು ಸಿಗುತ್ತವೆ, ಗಂಡಸರ ಸಣ್ಣ ಸೈಜು ಕೊಟ್ಟು ಸಾಗಹಾಕಲು ಅಂಗಡಿಯವರಿಗೆ ಬಿಡಬೇಡಿ. ಝಿಪ್ ಎದೆಯ ಮೇಲೆ ಓರೆಯಾಗಿ ಇರುವುದನ್ನೇ ಆರಿಸಿ, ನೀವೇ ಹಾಕಿಕೊಳ್ಳಬಹುದು. ಬೆನ್ನಿನ ಝಿಪ್ಪಿಗೆ ಪ್ರತಿ ಸಲ ಇನ್ನೊಬ್ಬರ ಕೈ ಬೇಕು.

ಸೀಲಿನ ಬಿಗಿತದ ವಿಷಯದಲ್ಲಿ "ಬಿಗಿ ಇದ್ದಷ್ಟೂ ಒಳ್ಳೆಯದು" ಎಂಬ ಮಾತು ಕೇಳಿಬರುತ್ತದೆ. ಕುತ್ತಿಗೆಯ ಮಟ್ಟಿಗೆ ಇದು ಅಪಾಯದ ಮಾತು. ಕುತ್ತಿಗೆಯ ಪಕ್ಕದ ರಕ್ತನಾಳದಲ್ಲಿ ಒತ್ತಡ ಗುರುತಿಸುವ ಜಾಗವೊಂದಿದೆ. ಅದನ್ನು ಸತತವಾಗಿ ಅದುಮಿದರೆ ರಕ್ತದೊತ್ತಡ ಹೆಚ್ಚಿದೆ ಎಂದು ದೇಹ ತಪ್ಪು ತಿಳಿದು ಹೃದಯಬಡಿತ ನಿಧಾನ ಮಾಡುತ್ತದೆ, ತಲೆ ಸುತ್ತುತ್ತದೆ, ಪ್ರಜ್ಞೆ ತಪ್ಪಲೂಬಹುದು. ಹೊಸ ಲ್ಯಾಟೆಕ್ಸ್ ಸೀಲನ್ನು ನಿಮ್ಮ ಕುತ್ತಿಗೆಗೆ ಸರಿಯಾಗಿ ಕತ್ತರಿಸಬೇಕು. ಅದರ ಮೇಲೆ ಅಚ್ಚೊತ್ತಿದ ಗೆರೆಗಳಿರುತ್ತವೆ. ಹರಿತವಾದ ಕತ್ತರಿಯಿಂದ ಒಂದೊಂದೇ ಗೆರೆ, ಒಂದೇ ಎಳೆತದಲ್ಲಿ, ಅಂಚಿನಲ್ಲಿ ಎಲ್ಲೂ ಮುಕ್ಕಾಗದಂತೆ. ಸಣ್ಣ ಮುಕ್ಕೂ ನಾಳೆ ಸೀಳಾಗುತ್ತದೆ. ಕತ್ತರಿಸಿ, ತೊಟ್ಟು, ಹತ್ತು ನಿಮಿಷ ಹಾಗೇ ಇದ್ದು ನೋಡಿ, ಆಮೇಲೆ ಮುಂದಿನ ಗೆರೆ. ನಿಯೋಪ್ರೀನ್ ಕುತ್ತಿಗೆ ಸೀಲ್ ಆದರೆ ಒಳಮುಖವಾಗಿ ಮಡಚಿ ತೊಡಬೇಕು. ಅದು ಬೆಚ್ಚಗೆ, ಬಾಳಿಕೆಯೂ ಹೆಚ್ಚು, ಚೂರು ಜಿನುಗುತ್ತದೆ. ಲ್ಯಾಟೆಕ್ಸ್ ಅಲರ್ಜಿ ಇದ್ದರೆ ನಿಯೋಪ್ರೀನೋ ಸಿಲಿಕೋನೋ ಆಗಬೇಕು. ಸಿಲಿಕೋನ್ ಸೀಲ್ ಉಂಗುರದಲ್ಲಿ ಕೂರುವುದರಿಂದ ಹರಿದರೆ ದೋಣಿಯಲ್ಲೇ ಬದಲಾಯಿಸಬಹುದು, ಆದರೆ ಹರಿಯುವುದೂ ಬೇಗ.

ನಮ್ಮ ಕಡೆಯವರಿಗೆ ಮಾತ್ರ ಹೇಳಬೇಕಾದ ಒಂದು ಮಾತಿದೆ: ತೆಂಗಿನೆಣ್ಣೆ. ಅಡುಗೆಗೂ ಅದೇ, ತಲೆಗೂ ಅದೇ, ಚಳಿಗೆ ಚರ್ಮ ಒಡೆದರೆ ಮೈಗೂ ಅದೇ. ಸ್ಕಾಟ್ಲೆಂಡಿನ ಚಳಿಗೆ ನೀವು ಖಂಡಿತ ಹಚ್ಚಿಕೊಳ್ಳುತ್ತೀರಿ. ಎಣ್ಣೆ ತಾಗಿದ ಲ್ಯಾಟೆಕ್ಸ್ ಉಬ್ಬಿ ಮೆತ್ತಗಾಗಿ ಬೇಗನೆ ಹರಿಯುತ್ತದೆ. ಸನ್‌ಸ್ಕ್ರೀನ್, ವ್ಯಾಸಲೀನ್ ಕೂಡ ಅಷ್ಟೇ. ಡೈವ್ ಇರುವ ದಿನ ಕುತ್ತಿಗೆ, ಕೈಗೆ ಏನೂ ಬೇಡ, ಸೀಲಿಗೆ ಪರಿಮಳವಿಲ್ಲದ ಟಾಲ್ಕಂ ಪುಡಿ ಸಾಕು. ಉದ್ದ ಕೂದಲಿದ್ದರೆ ಜಡೆಯನ್ನು ತಲೆಯ ಮೇಲೆ ಕಟ್ಟಿ, ಸೀಲ್ ಸರಿಪಡಿಸಿದ ಮೇಲೆ ಗೆಳತಿಯೊಬ್ಬಳ ಬೆರಳು ಸುತ್ತಲೂ ಒಮ್ಮೆ ಓಡಲಿ. ಸೀಲಿನಡಿ ಸಿಕ್ಕಿಬಿದ್ದ ಒಂದೇ ಒಂದು ಕೂದಲು ಸಾಕು, ಡೈವ್ ಮುಗಿಯುವಷ್ಟರಲ್ಲಿ ಎದೆಯವರೆಗೆ ಒದ್ದೆ. ಮಣಿಕಟ್ಟಿನಲ್ಲೂ ಹೀಗೇ. ತೆಳ್ಳಗಿನ ಕೈಯವರು ಮುಷ್ಟಿ ಬಿಗಿದಾಗ ನರಗಳ ಹಾಗೆ ಎದ್ದು ಕಾಣುವ ಸ್ನಾಯುಬಳ್ಳಿಗಳ ಪಕ್ಕ ಕಾಲುವೆ ಮೂಡಿ ನೀರು ಒಳಬರುತ್ತದೆ. ಸೂಟ್ ತೂತಾಗಿದೆ ಎಂದು ನನ್ನ ಬಳಿ ತಂದವರಲ್ಲಿ ಎಷ್ಟೋ ಜನರ ಸೂಟಿನಲ್ಲಿ ತೂತೇ ಇರಲಿಲ್ಲ. ಸೀಲನ್ನು ಎರಡು ಬೆರಳು ಮೇಲಕ್ಕೆ ಸರಿಸಿ ತೊಡಿ ಎಂದು ಹೇಳಿ ಕಳಿಸಿದ್ದೇನೆ.

ಈಗ ತಲೆಕೆಳಗಾಗುವ ಭಯ. ಇದು ಕಟ್ಟುಕಥೆ ಅಲ್ಲ, ಆಗುತ್ತದೆ. ಆದರೆ ಕಾರಣವಿಲ್ಲದೆ ಆಗುವುದಿಲ್ಲ. ಅಗತ್ಯಕ್ಕಿಂತ ಹೆಚ್ಚು ಸೀಸ ಕಟ್ಟಿರುತ್ತಾರೆ, ಅದನ್ನು ಸರಿದೂಗಿಸಲು ಸೂಟಿಗೆ ಹೆಚ್ಚು ಗಾಳಿ ತುಂಬಿರುತ್ತಾರೆ, ಬೂಟು ದೊಡ್ಡದಾಗಿರುತ್ತದೆ, ಏನನ್ನೋ ನೋಡಲು ತಲೆ ತಗ್ಗಿಸಿ ಕಾಲೆತ್ತುತ್ತಾರೆ. ಗಾಳಿ ಎತ್ತರದ ಜಾಗ ಹುಡುಕಿ ಪಾದಕ್ಕೆ ಹೋಗುತ್ತದೆ, ಗಾಳಿ ಬಿಡುವ ವಾಲ್ವ್ ಎಡತೋಳಿನಲ್ಲಿ ಕೆಳಗುಳಿಯುತ್ತದೆ. ಆ ವಾಲ್ವ್ ಕೆಲಸ ಮಾಡಬೇಕಾದರೆ ಸೂಟಿನಲ್ಲಿ ಅದೇ ಅತಿ ಎತ್ತರದ ಜಾಗವಾಗಿರಬೇಕು. ಬಿಡಿಸಿಕೊಳ್ಳುವ ವಿಧಾನ ಕಲಿಸಿಯೇ ಕಲಿಸುತ್ತಾರೆ: ಮೊಣಕಾಲು ಎದೆಗೆ ಮಡಚಿ, ಲಾಗ ಹಾಕಿದಂತೆ ಉರುಳಿ ತಲೆ ಮೇಲೆ ತಂದು, ಎಡಮೊಣಕೈ ಎತ್ತಿ ಗಾಳಿ ಬಿಡುವುದು. ವಾಲ್ವಿನ ತಿರುಪು ಮೇಲೆ ಬರುವಾಗ ಪೂರ್ತಿ ತೆರೆದಿರಬೇಕು. ನೆನಪಿಡಿ, ಕೊನೆಯ 10 ಮೀಟರಿನಲ್ಲಿ ಒಳಗಿನ ಗಾಳಿ ಎರಡರಷ್ಟಾಗುತ್ತದೆ, ಅವಘಡಕ್ಕೆ ಹೆಚ್ಚು ಅವಕಾಶ ಮೇಲ್ಭಾಗದಲ್ಲೇ. ಎದೆಯ ಗಾಳಿ ತುಂಬುವ ಗುಂಡಿ ಸಿಕ್ಕಿಕೊಂಡರೆ ಹೋಸ್ ಕಳಚುವುದನ್ನು ದಪ್ಪ ಗ್ಲೋವ್ ಹಾಕಿಕೊಂಡೇ ಅಭ್ಯಾಸ ಮಾಡಿ, ಬರಿಗೈಯಲ್ಲಿ ಬಂದದ್ದು ಗ್ಲೋವಿನಲ್ಲಿ ಬರುವುದಿಲ್ಲ. ತೇಲುವಿಕೆಗೆ ಸೂಟಿನ ಗಾಳಿ ಬಳಸಬೇಕೋ ಬಿಸಿಡಿಯದೋ (ಡೈವರ್ ತೊಡುವ, ಗಾಳಿ ತುಂಬುವ ಜಾಕೆಟ್) ಎಂಬುದರಲ್ಲಿ ಕಲಿಸುವವರಲ್ಲಿ ಎರಡು ಮತ ಇವೆ. ನನ್ನದು: ಮೈ ಚಿವುಟದಷ್ಟು, ಒಳಉಡುಪು ಚಪ್ಪಟೆಯಾಗದಷ್ಟು ಸೂಟಿಗೆ, ಉಳಿದದ್ದು ಬಿಸಿಡಿಗೆ. ನಿಮಗೆ ಕಲಿಸುವವರು ಬೇರೆ ಹೇಳಿದರೆ ಕಲಿಯುವಷ್ಟು ದಿನ ಅವರ ಮಾತೇ ನಡೆಯಲಿ.

ನೇತ್ರಾಣಿಯಲ್ಲಿ ನಾಲ್ಕೋ ಐದೋ ಕಿಲೋ ಸೀಸದಲ್ಲಿ ಇಳಿದವರಿಗೆ ಅಲ್ಲಿ ಅದರ ದುಪ್ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕಾಗಬಹುದು. ಒಳಉಡುಪಿನ ಗಾಳಿಯನ್ನೂ ಮುಳುಗಿಸಬೇಕಲ್ಲ. ಅಲ್ಲಿ ರೂಢಿಯಲ್ಲಿರುವ 12 ಲೀಟರ್ ಉಕ್ಕಿನ ಸಿಲಿಂಡರ್ ನಮ್ಮಲ್ಲಿ ಬಳಸುವ ಅಲ್ಯುಮಿನಿಯಂ ಸಿಲಿಂಡರಿನಂತೆ ಗಾಳಿ ಮುಗಿಯುತ್ತ ಬಂದಾಗ ತೇಲುವುದಿಲ್ಲ, ಅಷ್ಟು ಅನುಕೂಲ. ಪಾದ ಪೂರ್ತಿ ಸೇರಿಸುವ ಫಿನ್ (ಈಜಲು ಕಾಲಿಗೆ ತೊಡುವ ರೆಕ್ಕೆ) ನಿಮ್ಮಲ್ಲಿದ್ದರೆ ಅದು ಡ್ರೈ ಸೂಟ್ ಬೂಟಿಗೆ ಹತ್ತುವುದಿಲ್ಲ.

ಬೆರಳು ಬಿಳಿಚಿಕೊಳ್ಳುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಚಳಿಗೆ ಬೆರಳಿನ ರಕ್ತನಾಳಗಳು ಅತಿಯಾಗಿ ಸಂಕುಚಿಸುವ ರೇನಾಡ್ಸ್ ಎಂಬ ತೊಂದರೆ ಇರಬಹುದು, ಹೊರಡುವ ಮೊದಲು ವೈದ್ಯರಿಗೆ ತೋರಿಸಿ, ಡೈವಿಂಗ್ ವಿಷಯವನ್ನೂ ಹೇಳಿ. ಬೆರಳು ಮರಗಟ್ಟಿದರೆ ನೋವಿನ ಮಾತು ಹಾಗಿರಲಿ, ಗುಂಡಿ ಒತ್ತಲು, ಬಕಲ್ ಬಿಚ್ಚಲು ಕೈ ಬರುವುದಿಲ್ಲ. ವೈದ್ಯರು ಒಪ್ಪಿದರೆ ನಿಮಗೆ ನೀರು ಒಳಬಿಡುವ ವೆಟ್ ಗ್ಲೋವ್ ಬೇಡ, ಉಂಗುರದಿಂದ ಸೂಟಿಗೆ ಕೂಡುವ ಡ್ರೈ ಗ್ಲೋವ್ ಒಳಗೆ ಉಣ್ಣೆ ಗ್ಲೋವ್ ಸೇರಿಸಿ. ಇದರಲ್ಲಿ ಒಂದು ಕೊಡುಕೊಳ್ಳುವಿಕೆ ಇದೆ. ಸೂಟಿನ ಬೆಚ್ಚಗಿನ ಗಾಳಿ ಗ್ಲೋವಿಗೂ ಹರಿಯಲೆಂದು ಮಣಿಕಟ್ಟಿನ ಸೀಲಿನಡಿ ಸಣ್ಣ ದಾರವೋ ಕೊಳವೆಯೋ ಇಡುತ್ತಾರೆ. ಕೈ ಬೆಚ್ಚಗಿರುತ್ತದೆ, ಆದರೆ ಗ್ಲೋವ್ ಹರಿದರೆ ನೀರು ತೋಳಿಗೂ ಬರುತ್ತದೆ. ತುಕ್ಕು ಹಿಡಿದ ಉಕ್ಕಿನ ನಡುವೆ ಈಜುವ ದಿನ ನಾನಾದರೆ ಆ ದಾರ ತೆಗೆಯುತ್ತೇನೆ. ತಲೆಗೆ ದಪ್ಪ ಹುಡ್ ಬೇಕು. ದೇಹದ ಅರ್ಧ ಶಾಖ ತಲೆಯಿಂದಲೇ ಹೋಗುತ್ತದೆ ಎಂಬುದು ಮಾತ್ರ ಸುಳ್ಳು, ಅಷ್ಟೇ ಅಗಲದ ಮೈಯ ಬೇರೆ ಭಾಗದಿಂದ ಹೋಗುವಷ್ಟೇ ಹೆಚ್ಚುಕಡಿಮೆ ಅಲ್ಲಿಂದಲೂ. ಇನ್ನೊಂದು, ಸೂಟ್ ಬಿಚ್ಚುವ ಪರದಾಟಕ್ಕೆ ಹೆದರಿ ಬೆಳಗಿನಿಂದ ನೀರೇ ಕುಡಿಯದ ಹೆಣ್ಣುಮಕ್ಕಳನ್ನು ಬಹಳ ನೋಡಿದ್ದೇನೆ. ದೇಹದಲ್ಲಿ ನೀರು ಕಡಿಮೆಯಾದರೆ ಡಿಕಂಪ್ರೆಶನ್ ಕಾಯಿಲೆಯ (ಮೇಲೆ ಬರುವಾಗ ಮೈಯೊಳಗೆ ಅನಿಲದ ಗುಳ್ಳೆ ಏಳುವುದು) ಅಪಾಯ ಹೆಚ್ಚಬಹುದು. ಹೆಂಗಸರಿಗೂ ಸೂಟಿನ ಮೂತ್ರ ವಾಲ್ವಿಗೆ ಜೋಡಿಸುವ ಸಾಧನವಿದೆ, ಅಷ್ಟು ಬೇಡವೆಂದರೆ ದೊಡ್ಡವರ ಡೈಪರ್ ಇದೆ. ಬಳಸುವವರು ಹೇಳಿಕೊಳ್ಳುವುದಿಲ್ಲ ಅಷ್ಟೇ.

ಇಲ್ಲಿ ಈಜುಕೊಳದ ಅಭ್ಯಾಸ ಬೇಡ. ಏಪ್ರಿಲ್-ಮೇ ಸೆಕೆಯಲ್ಲಿ ಡ್ರೈ ಸೂಟ್ ತೊಟ್ಟು ದಂಡೆಯಲ್ಲಿ ನಿಂತರೆ ನೀರಿಗಿಳಿಯುವ ಮುಂಚೆಯೇ ಬಳಲಿ ಬೀಳುತ್ತೀರಿ. ತೆಳು ಬಟ್ಟೆಯಲ್ಲಿ ಕಲಿತ ಸೀಸದ ಲೆಕ್ಕವೂ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಹೋಗಿ ಬ್ರಿಟಿಷ್ ಸಬ್-ಆಕ್ವಾ ಕ್ಲಬ್ ಅಥವಾ ಸ್ಕಾಟಿಷ್ ಸಬ್-ಆಕ್ವಾ ಕ್ಲಬ್ಬಿನ ಶಾಖೆಯೊಂದಕ್ಕೆ ಸೇರಿ. ಗ್ಲಾಸ್ಗೋದಿಂದ ಲಾಕ್ ಲಾಂಗ್, ಲಾಕ್ ಫೈನ್ ಎಂಬ ಕಡಲ ಹಿನ್ನೀರುಗಳು ದೂರವಿಲ್ಲ, ಹೊಸಬರನ್ನು ಅಲ್ಲಿಗೇ ಕರೆದೊಯ್ಯುತ್ತಾರೆ. ಡ್ರೈ ಸೂಟ್ ತರಬೇತಿಯನ್ನು ಬಾಡಿಗೆ ಸೂಟಿನಲ್ಲೇ ಮುಗಿಸಿ, ಒಂದು ಚಳಿಗಾಲ ಬಾಡಿಗೆಯಲ್ಲೇ ಕಳೆಯಿರಿ. ಯಾವ ಸೀಲ್ ಒಗ್ಗುತ್ತದೆ, ಎಷ್ಟು ದಪ್ಪ ಒಳಉಡುಪು ಬೇಕು ಎಂಬುದು ಆಗ ನಿಮಗೇ ಗೊತ್ತಾಗುತ್ತದೆ. ಆಮೇಲೆ ಕೊಳ್ಳಿ, ರಿಪೇರಿ ಮಾಡುವವರು ಕೈಗೆಟುಕುವ ಊರಿನಲ್ಲಿ ಕೊಳ್ಳಿ. ಕ್ಲಬ್ಬಿನಲ್ಲೇ ಸೆಕೆಂಡ್ ಹ್ಯಾಂಡ್ ಸೂಟ್ ಸಿಕ್ಕರೆ ತೊಟ್ಟು, ನೀರಿಗಿಳಿದು ನೋಡಿ ಚೌಕಾಸಿ ಮಾಡಬಹುದು. ಸ್ಕಾಪಾ ಫ್ಲೋದಲ್ಲಿ 1919ರ ಜೂನ್ 21ರಂದು ಜರ್ಮನ್ನರು ತಾವೇ ಮುಳುಗಿಸಿದ ತಮ್ಮ ನೌಕಾಪಡೆಯಲ್ಲಿ ಉಳಿದ ಯುದ್ಧನೌಕೆಗಳು ಆಳದಲ್ಲಿವೆ, ಕೆಲವು 40 ಮೀಟರ್ ದಾಟಿ ಮಲಗಿವೆ. ಸ್ಕಾಪಾ ಫ್ಲೋ ಎರಡನೆಯ ವರ್ಷಕ್ಕಿರಲಿ.

ನೀವು ಕೇಳದೆ ಬಿಟ್ಟ ಒಂದು ವಿಷಯ, ಸಿಲಿಂಡರಿನ ಗಾಳಿಯನ್ನು ಉಸಿರಾಡಲು ಒದಗಿಸುವ ರೆಗ್ಯುಲೇಟರ್. ನಿಮ್ಮದೇ ಇದ್ದರೆ ಅದರ ಮೇಲಿನ ಅಕ್ಷರಗಳನ್ನು ಓದಿ. ಯುರೋಪಿನ ಇಎನ್ 250 ಮಾನದಂಡದ ಗುರುತಿನ ಪಕ್ಕ 10 ಡಿಗ್ರಿಗಿಂತ ಹೆಚ್ಚು ಎಂಬ ಚಿಹ್ನೆ ಇದ್ದರೆ ಅದು ತಣ್ಣೀರಿಗೆ ಆಗುವುದಿಲ್ಲ, ಒಳಗೆ ಮಂಜುಗಟ್ಟಿ ಗಾಳಿ ಒಂದೇ ಸಮನೆ ಸುರಿಯತೊಡಗಬಹುದು. ಅದನ್ನು ಲಗೇಜಿಗೆ ಹಾಕಬೇಡಿ. ತಣ್ಣೀರಿನ ರೆಗ್ಯುಲೇಟರಿನಲ್ಲೂ ಉಸಿರೆಳೆಯುತ್ತಿರುವಾಗಲೇ ಸೂಟಿಗೂ ಬಿಸಿಡಿಗೂ ಒಟ್ಟಿಗೆ ಗಾಳಿ ತುಂಬಬೇಡಿ. ಗಾಳಿ ವೇಗವಾಗಿ ಹರಿದಷ್ಟೂ ಫಸ್ಟ್ ಸ್ಟೇಜ್ (ರೆಗ್ಯುಲೇಟರಿನಲ್ಲಿ ಸಿಲಿಂಡರಿಗೆ ಕೂಡುವ ಭಾಗ) ಹೆಚ್ಚು ತಣ್ಣಗಾಗುತ್ತದೆ. ಸೂಟಿನ ಗುಂಡಿಯನ್ನು ಚಿಕ್ಕ ಚಿಕ್ಕದಾಗಿ ಒತ್ತಿ, ಬಿಟ್ಟು, ಮತ್ತೆ ಒತ್ತಿ.